ಕಾಲದ್ದಿ ಬಾ

ಅಲ್ಲೇ ನಿಲ್ಲು, ಲುಬ್ವಾಮ.
ಒಡಹುಟ್ಟಿದವನಾದರೂ ಸರಿ, ಅಲ್ಲೇ,
ಬಿದಿರಿನ ಗೇಟಿನಾಚೆ.
ಆ ನೀಲಿ ಬೇಸಿನ್ನಿನಲ್ಲಿ ಔಷಧದ ನೀರಿದೆ,
ಬೆಳಿಗ್ಗೆಯಷ್ಟೇ ಬದಲಿಸಿದ್ದು.
ಬೂಟಿನ ಕೆಸರನ್ನು ಮೊದಲು ಕಡ್ಡಿಯಲ್ಲಿ ಕೆರೆದು ತೆಗೆ.
ಕೆಸರಿನ ಮೇಲೆ ಔಷಧ ಸುರಿದರೆ
ಕೆಸರಿಗಷ್ಟೇ ಸ್ನಾನ.

ಕೈಯಲ್ಲೇನದು, ಬಾಳೆಲೆಯಲ್ಲಿ ಸುತ್ತಿದ್ದು?
ಬೀಗರ ಮನೆಯ ಹಸಿಮಾಂಸವೆ?
ಆ ಹಂದಿ ಕತ್ತಿಗೆ ಬಿತ್ತೋ, ಜ್ವರಕ್ಕೆ ಬಿತ್ತೋ
ಕೇಳಿದೆಯಾ ಯಾರನ್ನಾದರೂ?
ಅದನ್ನು ಆ ಹಲಸಿನ ಕೊಂಬೆಗೆ ತೂಗುಹಾಕು.
ಆಚೆಯೇ ಬೇಯಿಸಿ ಆಚೆಯೇ ಉಣ್ಣೋಣ,
ಮೂಳೆ ಸುಟ್ಟು ಹೂಳೋಣ.
ನಗುತ್ತೀಯಾ? ನಗು.
ಮಸಾಕದ ರಸ್ತೆಯ ಉದ್ದಕ್ಕೂ ನಗುತ್ತಾರೆ:
ನಬ್ಬೋಸನ ಮನೆಗೆ ಹೋದರೆ
ಚಹಾಕ್ಕಿಂತ ಮೊದಲು ಫಿನಾಯಿಲು.

ಮೊನ್ನೆ ರಾತ್ರಿ ಬಕೆಟ್ಟು ಬಡಿದೆ.
ಆರು ಎದ್ದವು, ಒಂದು ಏಳಲಿಲ್ಲ.
ಬಕೆಟ್ಟಿನ ಸದ್ದಿಗೆ ಏಳದ ಹಂದಿಯನ್ನು
ನಾಳೆ ನೋಡೋಣ ಎನ್ನಬಾರದು, ತಿಳೀತಾ?
ನಾಳೆ ಎಂಬುದು ಹಂದಿಗೆ ಬಲು ದೂರ.
ಲಾಟೀನು ಹಿಡಿದು ಒಳಹೊಕ್ಕೆ.
ಕಿವಿ ಮುಟ್ಟಿದೆ: ಹೆಂಚಿನ ಬಿಸಿ.
ಥರ್ಮಾಮೀಟರು ನಲವತ್ತೊಂದು ದಾಟಿತ್ತು.
ಪಕ್ಕೆಯ ಮೇಲೆ ಕೆಂಪು.

ಎಂಥ ಕೆಂಪು?
ಅದನ್ನೇ ನೋಡುತ್ತ ಎಷ್ಟು ಹೊತ್ತು ಕೂತೆನೋ!
ಕಿವಿಯಂಚಿನಲ್ಲಿ ಹುಟ್ಟಿ, ಹೊಟ್ಟೆಗಿಳಿದು
ಸಂಜೆಗೆ ನೇರಳೆಯಾಗುವ ಕೆಂಪೊಂದಿದೆ,
ಅದಕ್ಕೆ ಮದ್ದಿಲ್ಲ, ಗುಂಡಿಯೊಂದೇ.
ಕಣ್ಣು ಮುಚ್ಚಿ ಬೆರಳಾಡಿಸಿದೆ.
ಚರ್ಮದ ಮೇಲೆ ಉಬ್ಬಿದ ಅಂಚು,
ನಾಲ್ಕು ಮೂಲೆ, ಇಸ್ಪೀಟಿನ ಡೈಮಂಡು!
ಇನ್ನೊಂದು ಡೈಮಂಡು, ಅದರ ಕೆಳಗೆ ಮತ್ತೊಂದು.
ಹೆಬ್ಬೆರಳೊತ್ತಿದರೆ ಬಿಳಿಚಿ
ಬಿಟ್ಟರೆ ಮತ್ತೆ ಕೆಂಪು.
ಡಾಕ್ಟರಮ್ಮ ಬಿರುಂಗಿ ಬೈಕಿನಲ್ಲಿ ಬಂದಳು,
ಅವಳೂ ಕಾಲದ್ದಿಯೇ ಬಂದಳು.
ಪೆನ್ಸಿಲಿನ್. ಒಂದು ರಾತ್ರಿ.
ಬೆಳಿಗ್ಗೆ ಬಕೆಟ್ಟು ಮುಟ್ಟುವ ಮೊದಲೇ
ಏಳೂ ಕಿರುಚಿದವು.
ಗೆಣಸಿನ ಬಳ್ಳಿಯ ನಡುವೆ ಕೂತು ಅತ್ತೆ, ಕಣೋ,
ಸೋತ ಇಸ್ಪೀಟಾಟದಲ್ಲಿ ಕೊನೆಯ ಎಲೆ
ತಿರುಗಿ ಬಿದ್ದವಳ ಹಾಗೆ.

ಮರಿ ಬಿಳಿಚಿದರೆ ಮೂರನೇ ದಿನ ಕಬ್ಬಿಣದ ಚುಚ್ಚು.
ಹೋಟೆಲಿನ ಮುಸುರೆಗೆ ಕುದಿ ಬಂದ ಮೇಲೂ
ಅರ್ಧ ತಾಸು ಒಲೆಯ ಮೇಲೆ.
ಕೊಂಡು ತಂದದ್ದು ತಿಂಗಳು ಬೇರೆ, ಕೆಳಗಿನ ಗೂಡಿನಲ್ಲಿ,
ಅದರ ಬಾಂಡಲಿಯೂ ಬೇರೆ, ಸಲಿಕೆಯೂ ಬೇರೆ.
ಇವೆಲ್ಲ ನಿನಗೂ ಗೊತ್ತು. ಗೊತ್ತಿದ್ದೂ ಮಾಡದಿರುವುದು
ನಮ್ಮಿಬ್ಬರಿಗೂ ಅಪ್ಪನಿಂದ ಬಂದದ್ದು.

ಮೂರು ವರ್ಷದ ಹಿಂದೆ, ಕ್ರಿಸ್‌ಮಸ್ ವಾರ,
ಮುತೇಬಿಯ ಗಂಡುಹಂದಿ ಎರವಲು ತಂದಿದ್ದೆ ನೋಡು,
ಮನೆಯಿಂದ ಮನೆಗೆ ತಿರುಗುವ ಮದುಮಗ.
ಒಂಬತ್ತನೇ ದಿನ ಮೊದಲ ಕಿವಿ ನೇರಳೆಯಾಯಿತು.
ಹೂಳಿದೆ ಎಂದೆನಲ್ಲ, ಹದಿಮೂರನ್ನೂ,
ಸುಣ್ಣ ಹಾಕಿ ಹೂಳಿದೆ ಎಂದೆನಲ್ಲ ಎಲ್ಲರಿಗೂ?
ಹೂಳಿದ್ದು ಹನ್ನೆರಡು.

ನಡುರಾತ್ರಿ ಬೋಡಾ ಬೈಕಿನವನೊಬ್ಬ
ಅರ್ಧ ಬೆಲೆ ಹಿಡಿದು ಬಂದಿದ್ದ.
ಒಂದಿನ್ನೂ ನಿಂತಿತ್ತು.
ನಿಂತಿದೆಯಲ್ಲ ಎಂದೆ ನನಗೆ ನಾನೇ.
ಎಣಿಸದೆ ದುಡ್ಡು ಗೊಮೆಸಿಯ ನಡುಪಟ್ಟಿಗೆ ಸಿಕ್ಕಿಸಿಕೊಂಡೆ.
ಅವನ ಬೈಕಿನ ಬೆಳಕು ಬೆಟ್ಟ ಇಳಿದು
ಎಡಕ್ಕೆ ತಿರುಗಿತು.
ಎಡಕ್ಕಿರುವುದು ನಿನ್ನ ಊರು.

ನಿನ್ನ ಕೊಟ್ಟಿಗೆ ಬರಿದಾದದ್ದು ಜನವರಿಯಲ್ಲಿ.
ಗಾಳಿಯಿಂದ ಬಂತು ಎಂದೆ ನೀನು.
ನಾನೂ ಹೂಂ ಎಂದೆ.

ಏನಾದರೂ ಅನ್ನು.
ಇಲ್ಲವೇ ಆ ಹಲಸಿನ ಮರದತ್ತಲೇ ನೋಡುತ್ತಿರು,
ಎಷ್ಟು ಹೊತ್ತು ಬೇಕಾದರೂ ನಿಲ್ಲು,
ನೀರಿನಲ್ಲಿ ಒಂದೇ ಕಾಲಿಟ್ಟು ನಿಂತಿದ್ದೀಯ.

ಬರುವುದಾದರೆ
ಇನ್ನೊಂದು ಕಾಲನ್ನೂ ಅದ್ದು.